ಹಳದಿ ಎಲೆಯ ಗುಟ್ಟು

ಎಲೆ ಹಳದಿಯಾದೊಡನೆ ಗಿಡಕ್ಕೆ ರೋಗ ಬಂತೆಂದು ಕಿತ್ತೆಸೆಯುವವರು ಬಹಳ. ಕೊಯಮತ್ತೂರಿನ ನಮ್ಮ ಅಂಗಳದ ದಾಸವಾಳಕ್ಕೂ ಕಳೆದ ಬೇಸಿಗೆಯಲ್ಲಿ ಅದೇ ಗತಿ ಬರುವುದರಲ್ಲಿತ್ತು. "ಸೆಂಬರುತ್ತಿ ಇನ್ನು ಉಳಿಯದು ಟೀಚರ್, ಬೇರೆ ನೆಡಿ" ಎಂದರು ನೆರೆಮನೆಯವರು. ಅದು ನಮ್ಮ ತಾಯಿ ತಾಳವಾಡಿಯಿಂದ ಕಡ್ಡಿ ತಂದು ನೆಟ್ಟದ್ದು. ಅವರು ಈಗಿಲ್ಲ. ಕೀಳಲು ನನಗೆ ಮನಸ್ಸೊಪ್ಪಲಿಲ್ಲ.

ಮಕ್ಕಳೇ, ಹಳದಿಯಾದದ್ದು ಯಾವ ಎಲೆ ಎಂದು ಮೊದಲು ನೋಡಬೇಕು. ಬುಡದ ಹಳೆಯ ಎಲೆಗಳು ಇಡಿಯಾಗಿ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ; ಕೊಟ್ಟಿಗೆ ಗೊಬ್ಬರ ಹಾಕಬೇಕು. ಬುಡದಲ್ಲಿ ನೀರು ನಿಂತರೂ ಹಳದಿಯಾಗುವುದುಂಟು. ನಮ್ಮ ಗಿಡದಲ್ಲಾದರೋ ತುದಿಯ ಎಳೆಯ ಎಲೆಗಳೇ ಬಿಳಿಚಿಕೊಂಡು, ನರಗಳು ಮಾತ್ರ ಹಸಿರಾಗಿದ್ದವು. ಇದು ಕಬ್ಬಿಣದ ಕೊರತೆಯ ಗುರುತು.

ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ. ಈ ಸೀಮೆಯ ಅನೇಕ ಕಡೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದರಿಂದ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಕೊಳವೆ ಬಾವಿಯ ಗಡಸು ನೀರು ಸುಣ್ಣವನ್ನು ಇನ್ನಷ್ಟು ಸೇರಿಸುತ್ತದೆ. (ನಮಗೆ ಕುಡಿಯಲು ಸಿರುವಾಣಿಯ ಸಿಹಿನೀರು, ಗಿಡಕ್ಕೆ ಉಪ್ಪುನೀರು!)

ಗೊಬ್ಬರದಂಗಡಿಯಿಂದ ಅನ್ನಭೇದಿ ತಂದೆ. ತಮಿಳಿನಲ್ಲೂ ಅದಕ್ಕೆ ಅದೇ ಹೆಸರಾದ್ದರಿಂದ ಕೇಳಲು ತೊಡಕಾಗಲಿಲ್ಲ. ಲೀಟರು ನೀರಿಗೆ 5 ಗ್ರಾಂ ಕರಗಿಸಿ, ಬಿಸಿಲಿಳಿದ ಮೇಲೆ ಎಲೆಗಳಿಗೆ ಸಿಂಪಡಿಸಿದೆ. ಹತ್ತು ದಿನಕ್ಕೊಮ್ಮೆ, ಮೂರು ಸಲ. ಆಗಿಂದಾಗ್ಗೆ ಹೊಸದಾಗಿ ಕಲಸಬೇಕು. ಇಟ್ಟರೆ ಕಂದುಬಣ್ಣಕ್ಕೆ ತಿರುಗಿ ಕೆಡುತ್ತದೆ. ಬಟ್ಟೆಗೆ ಸಿಡಿದರೆ ತುಕ್ಕಿನ ಕಲೆ ಹೋಗುವುದು ಕಷ್ಟ. ನೀವು ಮಾಡುವುದಾದರೆ ಹಿರಿಯರನ್ನು ಜೊತೆಗಿಟ್ಟುಕೊಳ್ಳಿ, ಕೈ ತೊಳೆಯಿರಿ.

ಹೊಸ ಚಿಗುರು ಹಸಿರಾಗಿಯೇ ಬಂತು. ಮಳೆಗಾಲಕ್ಕೆ ಅದರ ಎರಡು ಕಡ್ಡಿಗಳನ್ನು ಶಾಲೆಗೆ ತರುತ್ತೇನೆ. ಎಂಟನೆಯ ತರಗತಿಯವರು ಪಾತಿ ಮಾಡಿಡಲಿ.