ಮಲಗಿದ ಡಬ್ಬಿಯೂ ಉಣ್ಣುತ್ತಿತ್ತು

ಮಕ್ಕಳೇ, ರಾತ್ರಿ ಮಲಗುವ ಮುಂಚೆ ಟಿ.ವಿ.ಯನ್ನು ರಿಮೋಟ್‌ನಿಂದ ಆರಿಸುತ್ತೀರಿ ಅಲ್ಲವೆ? ಚಿತ್ರ ಹೋಗುತ್ತದೆ, ಸದ್ದು ಹೋಗುತ್ತದೆ. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಾತ್ರ ಉರಿಯುತ್ತಲೇ ಇರುತ್ತದೆ. ಅಂಥದೇ ಒಂದು ಕೆಂಪು ಚುಕ್ಕೆ ನಮ್ಮ ಹೊಲದ ಟೊಮೇಟೊ ಸಸಿಗಳನ್ನು ಒಣಗಿಸಿತು ಎಂದರೆ ನಂಬುತ್ತೀರಾ?

ನಮ್ಮೂರು ನಾಗಮಂಗಲ ತಾಲ್ಲೂಕಿನ ಹೊಣಕೆರೆ. ಮಂಡ್ಯ ಜಿಲ್ಲೆ ಎಂದ ಕೂಡಲೇ ನಿಮಗೆ ಕನ್ನಂಬಾಡಿ ಕಟ್ಟೆ, ಕಬ್ಬು, ಬತ್ತದ ಗದ್ದೆ ನೆನಪಾಗಬಹುದು. ನಮ್ಮ ಹೊಲದ ಕಡೆ ಹಾಗಲ್ಲ. ರಾಗಿ, ಹುರುಳಿ, ತೆಂಗು ಬೆಳೆಯುವ ಒಣನೆಲ. ನೀರೆಂದರೆ ಕೊಳವೆಬಾವಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಎಷ್ಟೋ ಸಲ ಬರುತ್ತಿದ್ದುದು ನಡುರಾತ್ರಿ. ಅಪ್ಪ ಟಾರ್ಚು, ಕೋಲು ಹಿಡಿದು ಕತ್ತಲಲ್ಲಿ ಹೊಲಕ್ಕೆ ಹೋಗಿ, ಮಣ್ಣು ಕೆದಕಿ ನೋಡಿ, ನೀರು ಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಮಣ್ಣು ಒದ್ದೆಯಾಗಿದ್ದರೆ, ಹಾವು ಚಿರತೆಗಳ ಭಯದಲ್ಲಿ ನಡೆದದ್ದೆಲ್ಲ ದಂಡ.

ಅಪ್ಪನ ನಿದ್ದೆ ಉಳಿಸಲು ನಾನೊಂದು ಡಬ್ಬಿ ಮಾಡಿದೆ. ಒಳಗೆ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್, ಒಂದು ರೇಡಿಯೊ ತುಣುಕು, ಮೂರು ಸೆಲ್. ಹೊರಗೆ ಮಣ್ಣಿಗೆ ಊರಿದ ಎರಡು ಲೋಹದ ಕಡ್ಡಿ. ಒದ್ದೆ ಮಣ್ಣಿನಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ, ಒಣ ಮಣ್ಣಿನಲ್ಲಿ ಹರಿಯಲು ಕಷ್ಟಪಡುತ್ತದೆ. ಡಬ್ಬಿ ಅದನ್ನು ಅಳೆದು, ಮನೆಯಲ್ಲಿದ್ದ ಇನ್ನೊಂದು ಡಬ್ಬಿಗೆ ತಂತಿಯಿಲ್ಲದೆ ಸುದ್ದಿ ಕಳಿಸಬೇಕು. ಇಂಥದಕ್ಕೆ ನಿಸ್ತಂತು ಸಂವೇದಕ ಎಂದು ಹೆಸರು.

ಹೊಲದಲ್ಲಿ ಅದಕ್ಕೆ ಸೆಲ್ಲೇ ಗತಿ. ಆದ್ದರಿಂದ ಲೆಕ್ಕ ಹಾಕಿದೆ. ನೀವೂ ಹಾಕಿ. ನನ್ನ ಸೆಲ್ಲಿನ ಶಕ್ತಿ 2000 ಮಿಲಿಆಂಪಿಯರ್-ಗಂಟೆ. ಅಂದರೆ ಸತತವಾಗಿ 1 ಮಿಲಿಆಂಪಿಯರ್‌ನಂತೆ ತೆಗೆದುಕೊಂಡರೆ 2000 ಗಂಟೆ ಬರುತ್ತದೆ. (ಸೆಲ್‌ಗಳನ್ನು ಒಂದರ ಹಿಂದೊಂದು ಜೋಡಿಸಿದರೆ ವೋಲ್ಟೇಜ್ ಕೂಡುತ್ತದೆ, ಈ ಅಂಕಿ ಕೂಡುವುದಿಲ್ಲ. ಇದರಲ್ಲಿ ನಾನೇ ಒಮ್ಮೆ ತಪ್ಪಿದ್ದೆ.) ನನ್ನ ಡಬ್ಬಿ ಗಂಟೆಗೆ 2 ಸೆಕೆಂಡು ಎಚ್ಚರವಾಗಿರುತ್ತದೆ. ಆಗ ಅದಕ್ಕೆ 30 ಮಿಲಿಆಂಪಿಯರ್ ಬೇಕು. ಅದನ್ನು ಗಂಟೆಯ 3600 ಸೆಕೆಂಡುಗಳಿಗೆ ಹಂಚಿದರೆ ಬರುವುದು 0.017. ಉಳಿದ 3598 ಸೆಕೆಂಡು ಅದು ಮಲಗಿರುತ್ತದೆ. ಮಲಗಿದಾಗ ಆ ಕಂಪ್ಯೂಟರ್ ತಿನ್ನುವುದು 0.005 ಮಾತ್ರ ಎಂದು ಕೈಪಿಡಿಯಲ್ಲಿತ್ತು. ಒಟ್ಟು 0.022. 2000ವನ್ನು ಇದರಿಂದ ಭಾಗಿಸಿದರೆ ಹತ್ತು ವರ್ಷದ ಮೇಲಾಯಿತು! ಅಷ್ಟು ಕಾಲ ಸೆಲ್ಲೇ ಬಾಳುವುದಿಲ್ಲ ಬಿಡಿ. ಎರಡು ವರ್ಷವಾದರೂ ಬಂದೀತು ಎಂದುಕೊಂಡೆ.

ಹತ್ತೇ ದಿನಕ್ಕೆ ಡಬ್ಬಿ ನಿಂತಿತು. ಆದರೆ ಅದು ನಿಂತದ್ದು ಯಾರಿಗೂ ತಿಳಿಯಲಿಲ್ಲ. ಮನೆಯ ಡಬ್ಬಿ ಕೊನೆಗೆ ಬಂದ ಸುದ್ದಿಯನ್ನೇ ತೋರಿಸುತ್ತಿತ್ತು: ‘ತೇವ ಇದೆ’. ಅದು ಯುಗಾದಿಯ ಸಮಯ. ಮರುದಿನ ಹೊಸತೊಡಕು, ಮನೆ ತುಂಬ ನೆಂಟರು. ಅಪ್ಪ ಡಬ್ಬಿಯ ಮಾತು ನಂಬಿ ಮೂರು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ನಾಲ್ಕನೇ ದಿನ ಹೋಗಿ ನೋಡಿದರೆ ಹೊಸದಾಗಿ ನಾಟಿ ಮಾಡಿದ ಸಸಿಗಳಲ್ಲಿ ಅರ್ಧದಷ್ಟು ಬಾಡಿ ನೆಲ ಹಿಡಿದಿದ್ದವು.

ಅಪ್ಪ ಬೈಯಲಿಲ್ಲ. “ಅಲ್ಲ ಕಣ್ಲಾ, ಮಲಗಿರ್ತೈತೆ ಅಂದಿದ್ದೆ. ಸತ್ತೇಹೋಗೈತಲ್ಲೋ?” ಎಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಲೆಕ್ಕವನ್ನು ತಿರುಗಿಸಿ ಹಾಕಿದೆ. ಹತ್ತು ದಿನವೆಂದರೆ 240 ಗಂಟೆ. 2000 ಭಾಗಿಸು 240, ಸುಮಾರು 8.3. ಗಂಟೆಗಟ್ಟಲೆ ಮಲಗಿದ್ದ ಡಬ್ಬಿ 8 ಮಿಲಿಆಂಪಿಯರ್‌ಗೂ ಹೆಚ್ಚು ಉಣ್ಣುತ್ತಿತ್ತು!

ಇಂಥ ಡಬ್ಬಿಗಳನ್ನು ನಮಗಿಂತ ಮೊದಲು ಹೊಲಕ್ಕೆ ಇಳಿಸಿದವರು ಏನು ಮಾಡಿದ್ದರು ಎಂದು ಓದತೊಡಗಿದೆ. ದೂರ ಹೋಗಬೇಕಾಗಲಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಗೊತ್ತಲ್ಲ? ಮಳೆಯನ್ನೇ ನಂಬಿ ನೆಲಗಡಲೆ ಬೆಳೆಯುವ ಸೀಮೆ. ಅಲ್ಲಿನ ಚೆನ್ನಕೇಶವಪುರದಲ್ಲಿ 2000ದ ದಶಕದ ಮಧ್ಯಭಾಗದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಸ್ವಿಟ್ಜರ್ಲೆಂಡಿನ ಲೂಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರ ಜೊತೆ ಸೇರಿ, ಮಣ್ಣಿನ ತೇವ, ಗಾಳಿಯ ಉಷ್ಣತೆ, ಆರ್ದ್ರತೆ ಅಳೆಯುವ ನಿಸ್ತಂತು ಸಂವೇದಕಗಳನ್ನು ಇಟ್ಟಿದ್ದರು. ಯೋಜನೆಯ ಹೆಸರು ಕಾಮನ್‌ಸೆನ್ಸ್ ನೆಟ್. ಅದರ ಬಗೆಗಿನ ಲೇಖನ 2007ರಲ್ಲಿ ಪ್ರಕಟವಾಯಿತು. ಅವರು ಬಳಸಿದ್ದು ಎರಡು ಸೆಲ್ಲಿನ ‘ಮೈಕಾ-2 ಮೋಟ್’. ಮೋಟ್ ಎಂದರೆ ಧೂಳಿನ ಕಣ. ಅದರೊಳಗಿನ ಕಂಪ್ಯೂಟರಿಗೆ ಎಚ್ಚರವಿದ್ದಾಗ ಬೇಕಾದದ್ದು 8 ಮಿಲಿಆಂಪಿಯರ್, ಮಲಗಿದಾಗ 0.015ಕ್ಕೂ ಕಡಿಮೆ. ಐನೂರು ಪಟ್ಟು ವ್ಯತ್ಯಾಸ! ಅದು ಎದ್ದು ದುಡಿಯುವಾಗ ತಿನ್ನುವಷ್ಟನ್ನು ನನ್ನದು ಮಲಗಿಕೊಂಡೇ ತಿನ್ನುತ್ತಿತ್ತು.

ಹಾಗಾದರೆ ಕಳ್ಳ ಯಾರು? ಸೆಲ್ಲಿಗೂ ಡಬ್ಬಿಗೂ ನಡುವೆ ಮಲ್ಟಿಮೀಟರ್ ಸಿಕ್ಕಿಸಿ ಹುಡುಕಿದೆ. ಕಂಪ್ಯೂಟರ್ ಪಾಪ, ಹೇಳಿದ ಹಾಗೆ ಮಲಗಿತ್ತು. ಎಚ್ಚರವಿದ್ದವರು ಅದರ ಅಕ್ಕಪಕ್ಕದವರು. ಫಲಕದ ಮೇಲೆ ‘ಕರೆಂಟ್ ಇದೆ’ ಎಂದು ತೋರಿಸುವ ಒಂದು ಕೆಂಪು ಎಲ್‌ಇಡಿ ಇತ್ತು. ಮುಚ್ಚಿದ ಡಬ್ಬಿಯೊಳಗೆ ಅದನ್ನು ನೋಡುವವರು ಯಾರು? ಆದರೂ ಹಗಲೂ ರಾತ್ರಿ ಉರಿದು 3 ಮಿಲಿಆಂಪಿಯರ್ ತಿನ್ನುತ್ತಿತ್ತು. ಸೆಲ್‌ಗಳ 4.5 ವೋಲ್ಟನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರ್ ತನ್ನ ಕೂಲಿಯೆಂದು 5 ತೆಗೆದುಕೊಳ್ಳುತ್ತಿತ್ತು. ಮಣ್ಣಿನ ಕಡ್ಡಿಗಳಲ್ಲಿ ಸದಾ 0.3 ಹರಿಯುತ್ತಿತ್ತು. ಕೂಡಿ ನೋಡಿ, 8.3!

ಎಲ್‌ಇಡಿಯನ್ನು ಕಿತ್ತೆ. ರೆಗ್ಯುಲೇಟರನ್ನೂ ತೆಗೆದು ಎರಡೇ ಸೆಲ್ಲನ್ನು ನೇರವಾಗಿ ಜೋಡಿಸಿದೆ. ನನ್ನ ಕಂಪ್ಯೂಟರಿಗೂ ರೇಡಿಯೊಗೂ 3 ವೋಲ್ಟ್ ಸಾಕಾಗಿತ್ತು. ಕಡ್ಡಿಗಳಿಗೆ ಅಳೆಯುವ ಕ್ಷಣದಲ್ಲಿ ಮಾತ್ರ ಕರೆಂಟ್ ಕೊಡುವಂತೆ ಮಾಡಿದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಸದಾ ಒಂದೇ ದಿಕ್ಕಿಗೆ ಕರೆಂಟ್ ಹರಿದರೆ ಒದ್ದೆ ಮಣ್ಣಿನಲ್ಲಿ ಲೋಹ ಸವೆಯುತ್ತದೆ. ಹತ್ತು ದಿನಕ್ಕೇ ಒಂದು ಕಡ್ಡಿ ಹುಳ ತಿಂದಂತಾಗಿತ್ತು.

ಇಷ್ಟಾದರೂ ಮೀಟರ್ 0.1 ತೋರಿಸುತ್ತಿತ್ತು. ಇದೇ ನನ್ನನ್ನು ಹೆಚ್ಚು ಕಾಡಿದ್ದು. ಎರಡು ಸಂಜೆ ಹೋಯಿತು. ಕೊನೆಗೆ ಸಿಕ್ಕ ಕಾರಣ ವಿಚಿತ್ರವಾಗಿತ್ತು. ಆ ಚಿಪ್ಪಿಗೆ ಹಲವು ಕಾಲುಗಳು. ಕೆಲವಕ್ಕೆ ನಾನು ಏನನ್ನೂ ಜೋಡಿಸಿರಲಿಲ್ಲ. ಪ್ರತಿ ಕಾಲಿನ ಒಳಗೂ ಮೇಲೊಂದು, ಕೆಳಗೊಂದು ಎಂದು ಎರಡು ಸೂಕ್ಷ್ಮ ಸ್ವಿಚ್ಚುಗಳಿರುತ್ತವೆ. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಏನೂ ಜೋಡಿಸದ ಕಾಲು ಸೊನ್ನೆಯೂ ಅಲ್ಲದೆ ಒಂದೂ ಅಲ್ಲದೆ ತೂಗಾಡುತ್ತದೆ. ಆಗ ಎರಡು ಸ್ವಿಚ್ಚೂ ಅರ್ಧಂಬರ್ಧ ತೆರೆದು, ಸರಿಯಾಗಿ ಮುಚ್ಚದ ತೂಬಿನಲ್ಲಿ ನೀರು ಜಿನುಗುವಂತೆ ಕರೆಂಟ್ ಜಿನುಗುತ್ತದೆ. ಆ ಕಾಲುಗಳನ್ನೆಲ್ಲ ಸೊನ್ನೆಗೆ ಕಟ್ಟಿಹಾಕಿದೆ. ಮೀಟರ್ 0.006ಕ್ಕೆ ಇಳಿಯಿತು.

ಈಗ ಡಬ್ಬಿ ತೇವದ ಜೊತೆಗೆ ತನ್ನ ಸೆಲ್ಲಿನ ವೋಲ್ಟೇಜನ್ನೂ ಹೇಳುತ್ತದೆ. ಮನೆಯ ಡಬ್ಬಿ ಕೊನೆಯ ಸುದ್ದಿ ಯಾವಾಗ ಬಂತೆಂದು ತೋರಿಸುತ್ತದೆ. ಎರಡು ಗಂಟೆ ಸುದ್ದಿ ಬರದಿದ್ದರೆ ಕೂಗುತ್ತದೆ. ಎರಡು ಬೇಸಿಗೆ ಕಳೆದರೂ ಸೆಲ್ ಬದಲಿಸಿಲ್ಲ. ಅಪ್ಪ ಮಾತ್ರ ವಾರಕ್ಕೊಮ್ಮೆ ಹೋಗಿ ಮಣ್ಣು ಕೆದಕಿ ನೋಡುತ್ತಾರೆ. ನಾನು ಬೇಡ ಎನ್ನುವುದಿಲ್ಲ.

ನಿಮ್ಮ ಶಾಲೆಯ ಗೋಡೆ ಗಡಿಯಾರದಲ್ಲಿ ಒಂದು ಸೆಲ್ ಇರುತ್ತದೆ. ಹೊಸದು ಹಾಕುವ ದಿನ ಅದರ ಮೇಲೆ ತಾರೀಖು ಬರೆದಿಡಿ. ಗಡಿಯಾರ ನಿಂತಾಗ ಒಟ್ಟು ಎಷ್ಟು ಗಂಟೆ ನಡೆಯಿತೆಂದು ಲೆಕ್ಕ ಮಾಡಿ, 2000ವನ್ನು ಅದರಿಂದ ಭಾಗಿಸಿ. ಒಂದು ವರ್ಷ ನಡೆದಿದ್ದರೆ ಉತ್ತರ ಸುಮಾರು 0.23 ಬರಬೇಕು. ನಿಮಗೆಷ್ಟು ಬಂತು?