ಬಾಗಿಲಾಚೆಯ ಜೀನು

ಅರುವತ್ತೊಂದನೆಯ ವಯಸ್ಸಿನಲ್ಲಿ ನಾನು ಕುದುರೆ ಹತ್ತಿದೆ ಎಂದರೆ ಉಡುಪಿಯ ನಮ್ಮ ಮಹಿಳಾ ಸಮಾಜದಲ್ಲಿ ಈಗಲೂ ಯಾರೂ ನಂಬುವುದಿಲ್ಲ. ನಂಬದಿರುವುದೇ ಒಳ್ಳೆಯದು. ನಂಬಿದರೆ ಹತ್ತಿದ್ದು ಹೇಗೆ ಎಂದು ಕೇಳುತ್ತಾರೆ. ಮರದ ದಿಮ್ಮಿಯ ಮೇಲೆ ನನ್ನನ್ನು ನಿಲ್ಲಿಸಿ, ಆ ಕಡೆಯಿಂದ ಮಗಳು ಎಳೆದು, ಈ ಕಡೆಯಿಂದ ಇನ್ನೊಬ್ಬಾಕೆ ನೂಕಿ, ಅಕ್ಕಿಮುಡಿಯನ್ನು ಗಾಡಿಗೆ ಹೇರಿದ ಹಾಗೆ ಹೇರಿದರು ಎಂದು ಹೇಳುವುದು ಹೇಗೆ?

ಅದು 2019ರ ಅಕ್ಟೋಬರ್. ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಅಳಿಯನ ಬಟ್ಟೆಯಿರಲಿಲ್ಲ, ಚಪ್ಪಲಿಯಿರಲಿಲ್ಲ. "ನಾವು ಬೇರೆಯಾಗಿದ್ದೇವೆ ಅಮ್ಮ" ಎಂದಷ್ಟೇ ಅವಳು ಹೇಳಿದಳು. "ಊರಲ್ಲಿ ನಾಲ್ಕು ಜನರಿಗೆ ಏನು ಹೇಳಲಿ?" ಎಂಬುದು ನನ್ನ ಬಾಯಿಂದ ಬಂದ ಮೊದಲ ಮಾತು. ಆಮೇಲೆ ಹತ್ತು ದಿನ, ಸಾರಿಗೆ ಉಪ್ಪು ಸಾಕೇ ಎಂಬುದನ್ನು ಬಿಟ್ಟು ನಮ್ಮಿಬ್ಬರ ನಡುವೆ ಮಾತಿಲ್ಲ. ಕೊನೆಗೆ ಅವಳೇ, "ಬಾ, ಎರಡು ದಿನ ಎಲ್ಲಾದರೂ ಹೋಗಿಬರೋಣ" ಎಂದು ಕಾರು ಹತ್ತಿಸಿದಳು.

ಐದಾರು ಗಂಟೆಯ ದಾರಿ ಸವೆಸಿ ತಲುಪಿದ್ದು ಕ್ಯಾನ್ಯನ್ ಡಿ ಶೇ ಎಂಬ ಕೆಂಪುಕಲ್ಲಿನ ಕಣಿವೆಗೆ. 'ತ್ಸೇಯಿ' ಎಂಬ ನವಾಹೊ ಮಾತು ಸ್ಪೇನಿನವರ ಬಾಯಲ್ಲಿ ಹೀಗಾಯಿತಂತೆ. 1931ರಿಂದ ಅದು ರಾಷ್ಟ್ರೀಯ ಸ್ಮಾರಕ. ಆದರೆ ನೆಲ ಇಂದಿಗೂ ನವಾಹೊ ಜನರದೇ. ಒಳಗೆ ಅವರ ಹೊಲಗಳಿವೆ, ಕುರಿಗಳಿವೆ. ಆದ್ದರಿಂದ ಅವರಲ್ಲಿ ಒಬ್ಬರನ್ನು ಜೊತೆಗಿಟ್ಟುಕೊಂಡೇ ಕಣಿವೆಯ ಒಳಗೆ ತಿರುಗಬೇಕು. ನಮಗೆ ಸಿಕ್ಕವಳು ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು. ನನ್ನನ್ನು ನೂಕಿದವಳೂ ಅವಳೇ.

ಕಣಿವೆಯ ಬಾಯಲ್ಲಿ ಕಲ್ಲಿನ ಗೋಡೆ ಮೂರಂತಸ್ತಿನ ಮನೆಯಷ್ಟೇ ಎತ್ತರ. ಒಳಹೋದಂತೆ ಅದು ಏರುತ್ತಾ ಏರುತ್ತಾ 1000 ಅಡಿಯವರೆಗೂ ಹೋಗುತ್ತದೆ. ತಳದಲ್ಲಿ ಬರೀ ಮರಳು, ನಡುನಡುವೆ ತೆಳ್ಳಗೆ ಹರಿಯುವ ನೀರು, ಹಳದಿಯಾಗಿದ್ದ ಕಾಟನ್‌ವುಡ್ ಮರಗಳು. ಮರಳು ಕೆಲವೆಡೆ ಕುಸಿಯುತ್ತದೆಂದು ಆಕೆ ಹೇಳಿದ ಮೇಲೆ ನಾನು ಲಗಾಮು ಬಿಟ್ಟು ಜೀನಿನ ಮುಂದಿನ ಗೂಟವನ್ನೇ ಎರಡು ಕೈಯಲ್ಲಿ ಹಿಡಿದುಕೊಂಡೆ. "ದಾರಿ ಕುದುರೆಗೆ ಗೊತ್ತು, ನೀವು ಉಸಿರಾಡಿ" ಎಂದಳು.

ಬಂಡೆಯ ಗೂಡೊಂದರಲ್ಲಿ ಹಳೆಯ ಕಾಲದವರು ಕಟ್ಟಿದ ಬಿಳಿಗೋಡೆಯ ಮನೆ ಕಂಡಿತು. ಸಾವಿರ ವರ್ಷದ ಹತ್ತಿರವಾಯಿತಂತೆ. ಆಮೇಲೆ ಆಕೆ ಒಂದು ಬಯಲನ್ನು ತೋರಿಸಿ ತನ್ನವರ ಕತೆ ಹೇಳಿದಳು. 1864ರಲ್ಲಿ ಕಿಟ್ ಕಾರ್ಸನ್ನನ ಸೈನ್ಯ ಇಲ್ಲಿಗೆ ನುಗ್ಗಿತು. ಬೆಳೆ ಸುಟ್ಟರು, ಸಾವಿರಾರು ಪೀಚ್ ಮರಗಳನ್ನು ಕಡಿದು ಹಾಕಿದರು. ಮುದುಕರು, ಬಸುರಿಯರೆನ್ನದೆ ಜನರನ್ನು ಸುಮಾರು 500 ಕಿಲೋಮೀಟರ್ ನಡೆಸಿ ನ್ಯೂ ಮೆಕ್ಸಿಕೋದ ಸೆರೆಶಿಬಿರಕ್ಕೆ ಅಟ್ಟಿದರು. 1868ರ ಒಪ್ಪಂದದ ನಂತರವೇ ಅವರು ಊರಿಗೆ ಮರಳಿದ್ದು. "ಬಂದವರು ಮೊದಲು ಮಾಡಿದ್ದೇನು?" ಎಂದು ಕೇಳಿದೆ. "ಮತ್ತೆ ಬಿತ್ತಿದರು" ಎಂದಳು.

ರಾತ್ರಿ ಬಂಡೆಯ ಮರೆಯಲ್ಲಿ ಡೇರೆ ಹಾಕಿ ಬೆಂಕಿ ಮಾಡಿದೆವು. ಆಕೆ ಹಿಟ್ಟು ತಟ್ಟಿ ಎಣ್ಣೆಗೆ ಬಿಟ್ಟಳು. ಉಬ್ಬಿ ಬಂದದ್ದು ನಮ್ಮ ಮಂಗಳೂರು ಬನ್ಸಿನ ಅಕ್ಕನೇ. ನಾನು ಚೀಲದಿಂದ ಮಿಡಿ ಉಪ್ಪಿನಕಾಯಿ ತೆಗೆದೆ. ಬಾಯಿ ಚಪ್ಪರಿಸುತ್ತಾ ಆಕೆ ಕೇಳಿದ ಪ್ರಶ್ನೆ: "ನಿಮ್ಮ ತಾಯಿಯ ಕುಲ ಯಾವುದು?" ಅವರಲ್ಲಿ ಹೊಸಬರು ಸಿಕ್ಕರೆ ಮೊದಲು ಹೇಳುವುದು ತಾಯಿಯ ಕುಲವಂತೆ, ಮಕ್ಕಳು ಸೇರುವುದೂ ಆ ಕುಲಕ್ಕೇ. ನನಗೆ ಮೈ ಜುಮ್ಮೆಂದಿತು. ನಮ್ಮ ಅಳಿಯಸಂತಾನದ ಮನೆಗಳಲ್ಲೂ ಬಳಿ ಬರುವುದು ತಾಯಿಯಿಂದಲೇ ಅಲ್ಲವೇ!

"ಹಾಗಾದರೆ ಗಂಡಹೆಂಡಿರಿಗೆ ಹೊಂದದಿದ್ದರೆ?" ಎಂದು ಮಗಳು ಬೆಂಕಿಯನ್ನೇ ನೋಡುತ್ತಾ ಕೇಳಿದಳು.

"ಹಿಂದೆಲ್ಲ ಹೆಂಗಸು ಅವನ ಕುದುರೆಯ ಜೀನನ್ನು ಬಾಗಿಲ ಹೊರಗೆ ಇಡುತ್ತಿದ್ದಳು. ಅವನಿಗೆ ಅರ್ಥವಾಗುತ್ತಿತ್ತು. ಮನೆ ಅವಳದಲ್ಲವೇ?"

ನನಗೆ ನನ್ನ ಅಜ್ಜಿ ನೆನಪಾದಳು. ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಮರಳಿದವಳು ಅವಳು. ಗುತ್ತಿನ ಮನೆಯಲ್ಲಿ ಅವಳ ಕೋಣೆ ಅವಳಿಗಾಗಿ ಇತ್ತು, ಅವಳ ಪಾಲಿನ ಅನ್ನವೂ ಇತ್ತು. ನಾಲ್ಕು ಜನರಿಗೆ ಏನು ಹೇಳಲಿ ಎಂದು ಯಾರೂ ಕೇಳಿದ್ದಿಲ್ಲ. ಅವಳ ಮಡಿಲಲ್ಲಿ ಬೆಳೆದ ನಾನು ಅದನ್ನು ಎಲ್ಲಿ ಮರೆತು ಬಂದೆ?

ಡೇರೆಯೊಳಗೆ ಹಲ್ಲು ಕಟಕಟ ಎನ್ನುವ ಚಳಿ. ಕತ್ತಲಲ್ಲೇ ಮಗಳಿಗೆ ಅಜ್ಜಿಯ ಕತೆಯನ್ನೆಲ್ಲ ಹೇಳಿದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ, ನಾನು ಹೇಳಿದ್ದರಲ್ಲವೇ? ಬಹಳ ಹೊತ್ತಿನ ಮೇಲೆ ಅವಳ ಕೈ ನನ್ನ ಕಂಬಳಿಯೊಳಗೆ ಬಂತು. ಅವಳು ಅತ್ತಳು, ನಾನೂ ಅತ್ತೆ. ಕುದುರೆಯೊಂದು ಹೊರಗೆ ಕೆನೆಯಿತು.

ಫೀನಿಕ್ಸಿಗೆ ಮರಳಿದ ದಿನವೇ ಊರಿಗೆ, ಅಕ್ಕನಿಗೆ, ಫೋನು ಮಾಡಿ ವಿಷಯ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಗು ಸರಿಯಾಗಿ ಊಟ ಮಾಡುತ್ತಾಳಾ?" ಎಂದಳು.

ಹತ್ತು ದಿನಗಳ ಹಿಂದೆ ನಾನು ಕೇಳಬೇಕಾಗಿದ್ದ ಮಾತು ಅದು.