ದಾರಿಗೊಂದು ಸಿ.ಡಿ.

ಖಾಲಿ ಸಿ.ಡಿ. ಒಂದರಲ್ಲಿ 700 ಎಂ.ಬಿ. ಜಾಗವಿರುತ್ತದೆ. ಎಂಪಿ3 ಹಾಡುಗಳನ್ನು 128 ಕೆಬಿಪಿಎಸ್ ದರದಲ್ಲಿ ತುಂಬಿದರೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂ.ಬಿ. ಖರ್ಚು. ಅಂದರೆ ಸುಮಾರು 12 ಗಂಟೆಯ ಸಂಗೀತ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗಿ, ಅರ್ಧ ದಾರಿ ವಾಪಸ್ ಬಂದರೂ ಮುಗಿಯುವುದಿಲ್ಲ. ಮಾಮೂಲಿ ಆಡಿಯೋ ಸಿ.ಡಿ.ಯಲ್ಲಿ ಹಿಡಿಸುವುದು 80 ನಿಮಿಷ, ಹದಿನೈದು ಹದಿನಾರು ಹಾಡು. ಅಷ್ಟಕ್ಕೆ ಯಾವ ವ್ಯವಸ್ಥೆಯೂ ಬೇಕಿಲ್ಲ, ಬೇಡದ ಹಾಡು ಬಂದರೆ ಗುಂಡಿ ಒತ್ತಿ ದಾಟಿಸಬಹುದು. ನೂರೈವತ್ತು ಹಾಡು ಒಂದೇ ತಟ್ಟೆಗೆ ಬಂದಾಗ ಮಾತು ಬೇರೆ. ಅಲ್ಲಿ ಸಾಲು ಬೇಕು, ಗುಂಪು ಬೇಕು, ಹೆಸರು ಬೇಕು.

ಹೊಸ ಕಾರುಗಳಲ್ಲಿ ಸಿ.ಡಿ. ತೂರಿಸುವ ಕಿಂಡಿಯೇ ಕಾಣೆಯಾಗಿದೆ. ನನ್ನದು ಹಳೆಯ ಕಾರು. ಅದರ ಸ್ಟೀರಿಯೋಗೆ ಸಿ.ಡಿ. ಬಿಟ್ಟರೆ ರೇಡಿಯೋ ಮಾತ್ರ ಗೊತ್ತು. ಊರು ಬಿಟ್ಟು ಒಂದಷ್ಟು ದೂರ ಹೋದರೆ ಎಫ್‌ಎಂ ಗರಗರ ಎನ್ನುತ್ತದೆ. ಶಿರಾಡಿ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಎಲ್ಲೆಲ್ಲೋ ಹೋಗಿಬಿಡುತ್ತದೆ. ಸಿ.ಡಿ. ಮಾತ್ರ ಸಕಲೇಶಪುರದಲ್ಲಿ ಹೇಗೋ ಗುಂಡ್ಯದಲ್ಲೂ ಹಾಗೇ ಹಾಡುತ್ತದೆ. ಹಾಗಾಗಿ ಇವತ್ತಿಗೂ ದೂರದ ಪ್ರಯಾಣದ ಹಿಂದಿನ ದಿನ ನಾನು ಸಿ.ಡಿ. ಬರೆಯುತ್ತೇನೆ. ಆ ಕೆಲಸ ನನಗೆ ಇಷ್ಟ.

ಕಾರಿನ ಸ್ಟೀರಿಯೋದ ಪರದೆ ಒಂದೇ ಸಾಲಿನದು. ಒಮ್ಮೆಗೆ ಹತ್ತು ಹನ್ನೆರಡು ಅಕ್ಷರ ಕಾಣುತ್ತದೆ, ಉಳಿದದ್ದು ನಿಧಾನವಾಗಿ ಸರಿಯುತ್ತದೆ. ಕಣ್ಣು ರಸ್ತೆಯ ಮೇಲಿರಬೇಕಾದವನು ಅದನ್ನು ಓದುತ್ತಾ ಕೂರುವಂತಿಲ್ಲ. ಹುಡುಕುವ ಕೆಲಸವೆಲ್ಲ ಮನೆಯಲ್ಲಿ, ಮೇಜಿನ ಮುಂದೆಯೇ ಮುಗಿದಿರಬೇಕು.

ಮೊದಲನೆಯದು ಸಂಖ್ಯೆ. ಕಡತಗಳಿಗೆ 1, 2, 3 ಎಂದು ಹೆಸರಿಟ್ಟರೆ ಎಷ್ಟೋ ಸ್ಟೀರಿಯೋಗಳು 1 ಆದ ಮೇಲೆ 10, 11, 12 ನುಡಿಸಿ ಆಮೇಲೆ 2ಕ್ಕೆ ಬರುತ್ತವೆ. 001, 002 ಎಂದು ಸೊನ್ನೆ ಹಾಕಿ ಬರೆದರೆ ಸಾಲು ನೆಟ್ಟಗಾಗುತ್ತದೆ. ಕೆಲವು ಸ್ಟೀರಿಯೋಗಳು ಹೆಸರನ್ನೇ ನೋಡದೆ ತಟ್ಟೆಗೆ ಯಾವುದು ಮೊದಲು ಬಿತ್ತೋ ಅದನ್ನೇ ಮೊದಲು ನುಡಿಸುತ್ತವೆ. ಫೋಲ್ಡರ್ ಒಳಗೆ ಫೋಲ್ಡರ್ ಇಟ್ಟರೆ ಗುಂಡಿ ಒತ್ತಿ ಒತ್ತಿ ದಾರಿ ತಪ್ಪುತ್ತದೆ; ಒಂದೇ ಹಂತದ ಫೋಲ್ಡರುಗಳು ಸಾಕು. ಕಡತಕ್ಕೆ ಕನ್ನಡ ಲಿಪಿಯಲ್ಲಿ ಹೆಸರಿಡೋಣ ಎಂದರೆ ಹಳೆಯ ಪರದೆಗಳಲ್ಲಿ ಬರೀ ಅಡ್ಡಗೆರೆಗಳೋ ಚೌಕಗಳೋ ಮೂಡುತ್ತವೆ. ಅನಿವಾರ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಅಲ್ಲೇ ತೊಡಕು ಶುರುವಾಗುವುದು. ನಮ್ಮ ಗಾಯಕ ಸಿ. ಅಶ್ವತ್ಥರ ಹೆಸರನ್ನು ಒಬ್ಬರು ಒಂದು ಎಸ್ ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಎಸ್ ಪಕ್ಕ ಎಚ್ ಸೇರಿಸಿರುತ್ತಾರೆ, ಮತ್ತೊಬ್ಬರು ಸಿ ಅಕ್ಷರವನ್ನು ಹೆಸರಿನ ಹಿಂದಕ್ಕೆ ಹಾಕಿರುತ್ತಾರೆ. ಕಂಪ್ಯೂಟರಿನ ಪಾಲಿಗೆ ಅವರು ಮೂವರು ಬೇರೆ ಬೇರೆ ಗಾಯಕರು. ಅವರನ್ನೆಲ್ಲ ಒಬ್ಬರನ್ನಾಗಿ ಮಾಡುವುದರಲ್ಲೇ ಒಂದು ಸಂಜೆ ಕಳೆಯುತ್ತದೆ.

ಇವೆಲ್ಲ ಕೈಗೆಲಸ, ಯಾರಾದರೂ ಕಲಿಯಬಹುದು. ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಅಪ್ಪ ಕೇಳಿದ ಒಂದು ಪ್ರಶ್ನೆ. ಚನ್ನರಾಯಪಟ್ಟಣ ದಾಟಿ ಹೋಗುತ್ತಿದ್ದಾಗ ಒಂದು ಭಾವಗೀತೆ ಬರುತ್ತಿತ್ತು. ಹಿಂದಿನ ಸೀಟಿನಿಂದ ಅಪ್ಪ, "ಇದು ಯಾರದ್ದೋ?" ಎಂದರು. ನಾನು ಪರದೆ ನೋಡಿ, "ಅಶ್ವತ್ಥ್ ಅವರದ್ದು ಅಪ್ಪಾ" ಎಂದೆ. "ಹಾಡಿದ್ದು ಯಾರೂಂತ ಕೇಳಿದ್ರೇ ಗೊತ್ತಾಗುತ್ತಲ್ಲೋ. ಬರೆದದ್ದು ಯಾರು?" ಎಂದು ಕೇಳಿದರು. ಪರದೆಯಲ್ಲಿ ಅದು ಇರಲಿಲ್ಲ.

ಇರಲಿಲ್ಲ ಏಕೆಂದರೆ ಎಂಪಿ3 ಕಡತದಲ್ಲಿ ಮೊದಲಿಗೆ ಅದಕ್ಕೆ ಜಾಗವನ್ನೇ ಇಟ್ಟಿರಲಿಲ್ಲ. ಹಾಡಿನ ವಿವರ ಹೊತ್ತುಕೊಂಡು ಹೋಗುವ ಚೀಟಿಯನ್ನು ಐಡಿ3 ಟ್ಯಾಗ್ ಎನ್ನುತ್ತಾರೆ. 1996ರಲ್ಲಿ ಬಂದ ಅದರ ಮೊದಲ ರೂಪ ಒಟ್ಟು 128 ಬೈಟ್. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1. ಆರಂಭದ ಗುರುತಿಗೆ 3. ಪ್ರಕಾರಗಳ ಪಟ್ಟಿಯಲ್ಲಿ 80 ಬಗೆ ಇದ್ದವು. ಯುರೋಪಿನ ಪೋಲ್ಕಾ ಕುಣಿತಕ್ಕೂ ಅಲ್ಲಿ ಒಂದು ಸಂಖ್ಯೆ ಇತ್ತು. ಭಾವಗೀತೆಗೆ, ದಾಸರ ಪದಕ್ಕೆ, ಯಕ್ಷಗಾನಕ್ಕೆ ಇರಲಿಲ್ಲ. ಎರಡು ವರ್ಷದ ಮೇಲೆ ಬಂದ ಎರಡನೆಯ ರೂಪದಲ್ಲಿ ಸಾಹಿತ್ಯ ಬರೆದವರಿಗೂ ಸಂಗೀತ ಸಂಯೋಜಕರಿಗೂ ಬೇರೆ ಬೇರೆ ಜಾಗ ಕೊಟ್ಟರು. ಆದರೆ ಕಾರಿನ ಸ್ಟೀರಿಯೋ ಸಾಮಾನ್ಯವಾಗಿ ತೋರಿಸುವುದು ಮೂರನ್ನೇ: ಹಾಡು, ಕಲಾವಿದ, ಆಲ್ಬಮ್.

ಕ್ಯಾಸೆಟ್ಟಿನ ಕಾಲದಲ್ಲಿ ಹೀಗಿರಲಿಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ ಬಂದದ್ದು 1978ರಲ್ಲಿ. ಅಲ್ಲಿಂದಾಚೆಗೆ ಮನೆಮನೆಗೆ ಬಂದ ಭಾವಗೀತೆಯ ಧ್ವನಿಸುರುಳಿಗಳ ಡಬ್ಬಿಯೊಳಗೆ ಮಡಚಿದ ಕಾಗದವೊಂದು ಇರುತ್ತಿತ್ತು. ಹಾಡಿನ ಮೊದಲ ಸಾಲು, ಅದರ ಎದುರಿಗೆ ಕವಿಯ ಹೆಸರು, ಹಾಡಿದವರ ಹೆಸರು. ಹಾಡು ಕೇಳುತ್ತಾ ಅದನ್ನು ಓದುವುದೂ ಕೇಳುವುದರ ಭಾಗವೇ ಆಗಿತ್ತು. ಕ್ಯಾಸೆಟ್ಟು ಎಂಪಿ3 ಆಗುವಾಗ ಹಾಡು ಮಾತ್ರ ದಾಟಿ ಬಂತು, ಕಾಗದ ಆಚೆ ದಡದಲ್ಲೇ ಉಳಿಯಿತು. ಒಂದು ಸಿ.ಡಿ.ಗೆ ನೂರೈವತ್ತು ಹಾಡು ತುಂಬಿ ಬಸ್‌ಸ್ಟ್ಯಾಂಡುಗಳಲ್ಲಿ ಮಾರುತ್ತಿದ್ದವರಂತೂ ಕವಿಯ ಹೆಸರನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಇದು ಸಣ್ಣ ನಷ್ಟವಲ್ಲ. ಸುಗಮ ಸಂಗೀತ ಹುಟ್ಟಿದ್ದೇ ಕವಿತೆಯನ್ನು ಜನರ ಬಾಯಿಗೆ ತಲುಪಿಸಲು. ಕವಿಯೇ ಬಿಟ್ಟುಹೋದರೆ ಅದರ ಅರ್ಧ ಉದ್ದೇಶ ಬಿಟ್ಟುಹೋದ ಹಾಗೆ.

ಅಪ್ಪ ಕೇಳಿದ ಮೇಲೆ ನಾನು ಕ್ರಮ ಬದಲಿಸಿದೆ. ಭಾವಗೀತೆಗಳ ಮಟ್ಟಿಗೆ ಕಲಾವಿದರ ಜಾಗದಲ್ಲಿ ಕವಿಯ ಹೆಸರು, ಆಲ್ಬಮ್ಮಿನ ಜಾಗದಲ್ಲಿ ಹಾಡಿದವರ ಹೆಸರು. ಶಾಸ್ತ್ರದ ಪ್ರಕಾರ ಇದು ಸರಿಯಲ್ಲ ಎನ್ನುವವರು ಇದ್ದಾರೆ. ನನಗೆ ಇದೇ ಸರಿ. ಇಲ್ಲಿ ಕನ್ನಡಿಗರ ಹಳೆಯ ಅಭ್ಯಾಸವೊಂದು ನೆರವಿಗೆ ಬಂತು. ಕೆ.ಎಸ್.ನ., ಜಿ.ಎಸ್.ಎಸ್., ಎನ್ನೆಸ್ಸೆಲ್, ಎಚ್ಚೆಸ್ವಿ ಎಂದು ನಾವು ಕವಿಗಳನ್ನು ಪ್ರೀತಿಯಿಂದ ಕರೆಯುವುದೇ ಮೂರು ನಾಲ್ಕು ಅಕ್ಷರಗಳಲ್ಲಿ. ಆ ಪುಟ್ಟ ಪರದೆಯಲ್ಲಿ ಅವೆಲ್ಲ ಸಲೀಸಾಗಿ ಹಿಡಿಸುತ್ತವೆ.

ಯಾವ ಹಾಡು ಯಾವ ಫೋಲ್ಡರಿಗೆ ಎಂಬ ಪ್ರಶ್ನೆ ಇನ್ನೂ ರುಚಿಯಾದದ್ದು. 'ಮೈಸೂರ ಮಲ್ಲಿಗೆ' ಸಂಕಲನ 1942ರದ್ದು. ಐವತ್ತು ವರ್ಷದ ಮೇಲೆ ನಾಗಾಭರಣ ಅದೇ ಹೆಸರಿನಲ್ಲಿ ಸಿನಿಮಾ ಮಾಡಿದರು, ಅಶ್ವತ್ಥ್ ಸಂಗೀತ ಕೊಟ್ಟರು, ಗೀತರಚನೆಗೆ ಕೆ.ಎಸ್. ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ಹಾಡುಗಳು ಚಿತ್ರಗೀತೆಯೋ ಭಾವಗೀತೆಯೋ? ಶಿವಮೊಗ್ಗ ಸುಬ್ಬಣ್ಣ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿ ತಂದ 'ಕಾಡು ಕುದುರೆ' ಕಂಬಾರರದ್ದು. ಅದು ಸಿನಿಮಾದ್ದೂ ಹೌದು, ಕವಿಯದ್ದೂ ಹೌದು, ಜಾನಪದದ ಲಯವೂ ಅದರಲ್ಲಿದೆ. ನಾನು ಇವನ್ನೆಲ್ಲ ಕವಿಯ ಫೋಲ್ಡರಿನಲ್ಲೇ ಇಡುತ್ತೇನೆ. ಹುಡುಕುವಾಗ ಮೊದಲು ನೆನಪಾಗುವುದು ಅವರೇ. 'ಜೀವನ ಚೈತ್ರ'ದಲ್ಲಿ ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡನ್ನು ಮಾತ್ರ ರಾಜ್‌ಕುಮಾರ್ ಫೋಲ್ಡರಿನಿಂದ ಕದಲಿಸುವ ಮನಸ್ಸಾಗಿಲ್ಲ. ಆ ಹಾಡು ಆ ದನಿಯದ್ದು.

ಹಿಂದೂಸ್ತಾನಿಗೆ ಬಂದರೆ ಬೇರೆಯೇ ಎಚ್ಚರ ಬೇಕು. ಖಯಾಲಿನ ವಿಲಂಬಿತ್ ಒಂದು ಕಡತದಲ್ಲಿ, ಅದೇ ರಾಗದ ದ್ರುತ್ ಇನ್ನೊಂದು ಕಡತದಲ್ಲಿ ಇರುತ್ತದೆ. ಬಂದಿಶ್ ಬೇರೆಯಾದ್ದರಿಂದ ಹೆಸರೂ ಬೇರೆ. ಅಕ್ಷರಕ್ರಮಕ್ಕೆ ಬಿಟ್ಟರೆ ಇವೆರಡರ ಮಧ್ಯೆ ಯಾವುದೋ ಸಿನಿಮಾ ಹಾಡು ಬಂದು ಕೂರುತ್ತದೆ. ಅರ್ಧ ಗಂಟೆ ನಿಧಾನವಾಗಿ ರಾಗ ಕಟ್ಟಿ, ದ್ರುತ್‌ಗೆ ಇನ್ನೇನು ಕಾಲಿಡಬೇಕು ಎನ್ನುವಾಗ ಹೀಗಾದರೆ ಮನಸ್ಸು ಕೆಡುತ್ತದೆ. ಎರಡನ್ನೂ ಸೇರಿಸಿ ಒಂದೇ ಕಡತ ಮಾಡುವುದು ಉತ್ತಮ. ಮನ್ಸೂರರನ್ನೋ ಗಂಗೂಬಾಯಿಯವರನ್ನೋ ಕೇಳುವವರಿಗೆ ಇದರ ಬೆಲೆ ಗೊತ್ತು. ತಾಳಮದ್ದಳೆಯೂ ಹಾಗೇ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕ್ಯಾಸೆಟ್ಟಿನಿಂದ ಇಳಿದು ಬಂದಾಗ ಒಂದು ಬದಿ, ಎರಡನೇ ಬದಿ ಎಂದು ತುಂಡಾಗಿರುತ್ತದೆ. ಸಾಲು ತಪ್ಪಿದರೆ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬರುತ್ತದೆ. ಗಮಕದ ಕುಮಾರವ್ಯಾಸನಿಗೂ ಸಂಧಿಯ ಸಂಖ್ಯೆ ಹಾಕದೆ ಗತಿಯಿಲ್ಲ.

ಇನ್ನು ಗುಣಮಟ್ಟ. ಎಂಪಿ3ಯನ್ನು ರೂಪಿಸಿದ ಪ್ರಮುಖರು ಜರ್ಮನಿಯ ಎರ್ಲಾಂಗೆನ್‌ನ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು. ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಕೇಳದೆ ಹೋಗುವ ಸಣ್ಣ ಸದ್ದುಗಳನ್ನು ತೆಗೆದುಹಾಕಿ ಕಡತವನ್ನು ಕಿರಿದು ಮಾಡುವುದು ಅದರ ಉಪಾಯ. ಟೈರು, ಗಾಳಿ, ಎಂಜಿನ್ನುಗಳ ಸದ್ದಿನ ನಡುವೆ ಸಿನಿಮಾ ಹಾಡಿಗೆ 128 ಸಾಕು. ತಂಬೂರಿಯ ನಾದಕ್ಕೆ ಅದು ಸಾಲದು, 192 ಬೇಕು. ಆಗ ತಟ್ಟೆಯಲ್ಲಿ ಹಿಡಿಸುವುದು ಎಂಟು ಗಂಟೆಯಷ್ಟೇ. ಇಷ್ಟೇ ಮುಖ್ಯವಾದದ್ದು ದನಿಯ ಮಟ್ಟ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದು ಮೆಲ್ಲಗಿರುತ್ತದೆ, ಹೊಸ ಚಿತ್ರಗೀತೆ ಕಿವಿಗೆ ಅಪ್ಪಳಿಸುತ್ತದೆ. ಎಂಪಿ3ಗೇನ್ ಎಂಬ ಉಚಿತ ತಂತ್ರಾಂಶ ಗುಣ ಕೆಡಿಸದೆ ಎಲ್ಲವನ್ನೂ ಒಂದು ಮಟ್ಟಕ್ಕೆ ತರುತ್ತದೆ. ತಿರುವಿನಲ್ಲಿ ಎದುರಿಂದ ಲಾರಿ ಬರುವಾಗ ಒಂದು ಕೈ ವಾಲ್ಯೂಮ್ ಗುಂಡಿಯ ಮೇಲಿರಬಾರದು.

ಹಾಡುಗಳ ಸಾಲನ್ನು ನಾನು ದಾರಿ ನೋಡಿ ಜೋಡಿಸುತ್ತೇನೆ. ನೆಲಮಂಗಲದವರೆಗಿನ ಗದ್ದಲಕ್ಕೆ ಗೊತ್ತಿರುವ ಚಿತ್ರಗೀತೆಗಳು. ಗಮನ ಅತ್ತಿತ್ತ ಹೋದರೂ ನಷ್ಟವಿಲ್ಲ. ಕುಣಿಗಲ್ ದಾಟಿದ ಮೇಲೆ ಕವಿಗಳು. ಘಾಟಿಯಲ್ಲಿ ಮಾತಿಲ್ಲದ ಸಂಗೀತ, ಕೊಳಲು ಅಥವಾ ಸ್ಯಾಕ್ಸೋಫೋನ್. ಮಂಗಳೂರಿನ ಕಡೆ ಇಳಿಯುವಾಗ ಕದ್ರಿ ಗೋಪಾಲನಾಥರಿಗಿಂತ ಬೇರೆ ಯಾರು ಬೇಕು? ಹುಬ್ಬಳ್ಳಿಯ ದಾರಿ ಇದಕ್ಕೆ ತದ್ವಿರುದ್ಧ. ಹಿರಿಯೂರು, ಚಿತ್ರದುರ್ಗ ಕಳೆದ ಮೇಲೆ ನೆಟ್ಟನೆಯ ರಸ್ತೆ, ಎರಡೂ ಕಡೆ ಬಯಲು. ಇಡೀ ಖಯಾಲನ್ನು ಕುಂದಿಲ್ಲದೆ ಕೇಳಲು ಅಂಥ ಜಾಗ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ಬರೆಯುವಾಗ ಅವಸರ ಬೇಡ. ಕಡಿಮೆ ವೇಗದಲ್ಲಿ ಬರೆದ ತಟ್ಟೆಗಳು ನನ್ನ ಹಳೆಯ ಸ್ಟೀರಿಯೋದಲ್ಲಿ ಕಡಿಮೆ ತೊಂದರೆ ಕೊಟ್ಟಿವೆ. ಸಿ.ಡಿ.ಯ ಹೊಳೆಯುವ ಬದಿಗಿಂತ ಹೆಸರು ಬರೆಯುವ ಬದಿಯೇ ಹೆಚ್ಚು ನಾಜೂಕು, ಏಕೆಂದರೆ ದಾಖಲೆಯ ಪದರ ಇರುವುದು ಅದರ ಅಡಿಯಲ್ಲೇ. ಬಾಲ್‌ಪೆನ್ ಒತ್ತಬಾರದು, ಸಿ.ಡಿ.ಗೆಂದೇ ಇರುವ ಮಾರ್ಕರ್ ಬಳಸಬೇಕು. ಕಾಗದ ಅಂಟಿಸಿದರೆ ಬಿಸಿಗೆ ಅದರ ಅಂಚು ಎದ್ದು, ತಟ್ಟೆ ಕಿಂಡಿಯಲ್ಲೇ ಸಿಕ್ಕಿಕೊಳ್ಳಬಹುದು. ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿಟ್ಟರೆ ದಾಖಲೆ ಹಿಡಿದಿಟ್ಟ ಬಣ್ಣದ ಪದರ ಹಾಳಾಗುತ್ತದೆ.

ಸಿ.ಡಿ. ಬಿಟ್ಟು ಪೆನ್‌ಡ್ರೈವ್‌ಗೆ ಬಂದವರಿಗೂ ಈ ಮಾತುಗಳು ಬಹುಪಾಲು ಹೊಂದುತ್ತವೆ. ಪರದೆ ದೊಡ್ಡದಾಗಿದೆ, ಕೆಲವುಗಳಲ್ಲಿ ಕನ್ನಡವೂ ಕಾಣುತ್ತದೆ. ಕವಿಯ ಹೆಸರು ಮಾತ್ರ ನಾವಾಗಿ ಬರೆಯದಿದ್ದರೆ ಅಲ್ಲೂ ಕಾಣುವುದಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಧ್ವನಿಸುರುಳಿಗಳ ಡಬ್ಬಿ ಇದ್ದರೆ ಅದರೊಳಗಿನ ಕಾಗದಗಳನ್ನು ಎಸೆಯಬೇಡಿ. ಹಾಡು ಕಂಪ್ಯೂಟರಿಗೆ ಇಳಿದ ದಿನವೇ ಆ ಕಾಗದ ನೋಡಿಕೊಂಡು ಬರೆದವರ, ರಾಗ ಹಾಕಿದವರ, ಹಾಡಿದವರ ಹೆಸರುಗಳನ್ನು ಕಡತಕ್ಕೆ ತುಂಬಿಬಿಡಿ. ಒಂದು ಹಾಡಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ.